‘ನಿಮ್ಮ ಬಗ್ಗೆ ಒಂದು ವಿಷಯ ಹೇಳಿ’ ಅಂದಾಗ ಯಾವುದನ್ನು ಹೇಳುವುದು?

ಹೆಸರು, ಓದಿದ್ದು, ಹಿಂದಿನ ಕಂಪನಿ. ಇಷ್ಟನ್ನು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ನಾಲಿಗೆ ತಡವರಿಸುವುದು ಕೊನೆಯ ಪ್ರಶ್ನೆಗೆ. ‘ನಿಮ್ಮ ಬಗ್ಗೆ ಒಂದು ಫನ್ ಫ್ಯಾಕ್ಟ್ ಹೇಳಿ.’ ಮಾನ್ಯತಾ ಟೆಕ್ ಪಾರ್ಕ್‌ನ ಇಂಡಕ್ಷನ್ ಇರಲಿ, ಜಯನಗರದ ಕಾಲೇಜಿನ ಮೊದಲ ದಿನ ಇರಲಿ, ಹೊಸ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ಇರಲಿ, ಬೆಂಗಳೂರಿನಲ್ಲಿ ಈ ಪ್ರಶ್ನೆ ಬಿಡುವುದಿಲ್ಲ. ಇಲ್ಲಿ ಅರ್ಧ ಜನ ಎಲ್ಲಿಂದಲೋ ಬಂದವರು. ಇನ್ನರ್ಧ ಜನ ಟೀಮೋ ಬಾಡಿಗೆ ಮನೆಯೋ ಬದಲಾಯಿಸುತ್ತಲೇ ಇರುವವರು.

ಹೊಸಬರನ್ನು ಕೂರಿಸಿಕೊಂಡು ಈ ಪ್ರಶ್ನೆ ಕೇಳುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಪರಿಚಯದವರು ಹಿಂದಿನ ದಿನ ರಾತ್ರಿ ಫೋನ್ ಮಾಡಿ ಸಲಹೆ ಕೇಳುತ್ತಾರೆ. ‘ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ’ ಅನ್ನುವವರು ಕಡಿಮೆ. ‘ಮೂರು ನಾಲ್ಕು ಇವೆ, ಯಾವುದು ಹೇಳಲಿ?’ ಅನ್ನುವವರೇ ಜಾಸ್ತಿ. ಒಂದು ಕಡೆ ಗೋಲ್ಡ್ ಮೆಡಲ್ ಇರುತ್ತದೆ. ಇನ್ನೊಂದು ಕಡೆ ಜಿರಳೆ ಕಂಡರೆ ಮಂಚ ಹತ್ತುವ ಅಭ್ಯಾಸ. ಮತ್ತೊಂದು ಕಡೆ ಭದ್ರಾವತಿಯ ಬಾಲ್ಯ. ಮೂರೂ ನಿಜ. ಮೂರರ ಪರಿಣಾಮ ಮಾತ್ರ ಬೇರೆ ಬೇರೆ.

ಮೊದಲು ಅಳತೆಗೋಲು

ಇಲ್ಲಿ ದುಡ್ಡು ಖರ್ಚಾಗುವುದಿಲ್ಲ. ಖರ್ಚಾಗುವುದು ಸಮಯ ಮತ್ತು ಧೈರ್ಯ. ಇವೆರಡು ನಿಮ್ಮ ಹತ್ತಿರ ಎಷ್ಟಿವೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಕೈಯಲ್ಲಿರುವ ವಿಷಯಕ್ಕೆ ಈ ಪ್ರಶ್ನೆಗಳನ್ನು ಹಾಕಿ.

ಕೇಳಿದವರಿಗೆ ಇನ್ನೊಂದು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆಯೇ? ನನ್ನ ಲೆಕ್ಕದಲ್ಲಿ ಇದೇ ಮುಖ್ಯ, ಉಳಿದದ್ದೆಲ್ಲ ಇದರ ನಂತರ. ‘ವಾವ್’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ‘ಹೌದಾ? ಹೇಗೆ?’ ಅಂದರೆ ಶುರುವಾಯಿತು. ಹೊಗಳಿಸಿಕೊಳ್ಳುವ ವಿಷಯ ಬೇರೆ, ಮಾತಾಡಿಸುವ ವಿಷಯ ಬೇರೆ. ಪರಿಚಯದ ಹೊತ್ತಿಗೆ ಬೇಕಾದದ್ದು ಎರಡನೆಯದು.

ಆ ವಿಷಯದ ಜತೆ ಕೆಲವು ತಿಂಗಳು ಬದುಕಲು ನೀವು ತಯಾರಾ? ಜನರಿಗೆ ಹೆಸರು ನಿಲ್ಲುವುದಿಲ್ಲ, ವಿಷಯ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಪರಿಚಿತ ಮುಖಗಳ ಜತೆ ಹೆಸರನ್ನೂ ಕಸುಬನ್ನೂ ಕಲಿಸಿದರು. ‘ಬೇಕರ್’ ಥರದ ಒಂದೇ ಪದವನ್ನು ಹೆಸರಾಗಿ ಹೇಳಿಕೊಟ್ಟಾಗ ಹೆಚ್ಚು ಮರೆತರು, ಕಸುಬಾಗಿ ಹೇಳಿಕೊಟ್ಟಾಗ ಹೆಚ್ಚು ನೆನಪಿಟ್ಟುಕೊಂಡರು. ನಿಮ್ಮ ಹೆಸರು ಮರೆತವರು ನಿಮ್ಮನ್ನು ‘ಆ ಜಿರಳೆ ಮೇಡಂ’ ಅಂತ ಗುರುತಿಸುತ್ತಾರೆ. ಒಪ್ಪಿಗೆ ಇದ್ದರೆ ಮುಂದುವರಿಯಿರಿ.

ಕೋಣೆಯಲ್ಲಿ ಕೂತವರಲ್ಲಿ ಯಾರಾದರೂ ಮುದುಡಿಕೊಳ್ಳುತ್ತಾರಾ? ಬೆಂಗಳೂರಿನ ಒಂದು ಟೀಮಿನಲ್ಲಿ ಬೀದರ್‌ನವರು, ಪಟ್ನಾದವರು, ಕೊಚ್ಚಿಯವರು ಒಟ್ಟಿಗೇ ಇರುತ್ತಾರೆ. ಒಬ್ಬರಿಗೆ ನಗು ಬರಿಸುವುದು ಇನ್ನೊಬ್ಬರಿಗೆ ಚುಚ್ಚಬಹುದು.

ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆಯೇ? ‘ಇದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು’ ಅನ್ನಿಸಿದರೆ ಅದು ಕ್ಯಾಂಟೀನಿಗೆ ಸರಿ, ಇಲ್ಲಿಗಲ್ಲ.

ಕೊನೆಯದು, ಯಾರೂ ಹೇಳಿಕೊಡದ್ದು. ಮೊದಲು ಓದಿದ ಶಾಲೆ, ಸಾಕಿದ ನಾಯಿಯ ಹೆಸರು, ಅಮ್ಮನ ಮದುವೆಗೆ ಮುಂಚಿನ ಹೆಸರು, ಹುಟ್ಟಿದ ದಿನ. ಇವು ಕೇಳಲು ಮುದ್ದಾಗಿರುತ್ತವೆ. ಪಾಸ್‌ವರ್ಡ್ ಮರೆತಾಗ ಕೆಲವು ಬ್ಯಾಂಕ್, ವೆಬ್‌ಸೈಟ್‌ಗಳು ಕೇಳುವ ಪ್ರಶ್ನೆಗಳೂ ಇವೇ. ಇನ್ನೂರು ಫ್ಲಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಇವನ್ನು ಬರೆಯಬೇಡಿ. ಸೈಬರ್ ವಂಚನೆಯಾದ ಮೇಲೆ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದಕ್ಕಿಂತ ನಾಯಿಯ ಹೆಸರು ಬಿಟ್ಟು ನಾಯಿಯ ತುಂಟಾಟ ಹೇಳುವುದು ಸುಲಭ, ಅಲ್ವಾ?

ಊರು: ಅಗ್ಗ, ಆದರೆ ಅರ್ಧಕ್ಕೇ ಬಿಡಬೇಡಿ

ಹೆಚ್ಚಿನವರು ಮೊದಲು ಕೈ ಹಾಕುವುದು ಊರಿಗೆ. ಧೈರ್ಯ ಬೇಕಿಲ್ಲ, ಯೋಚನೆ ಬೇಕಿಲ್ಲ. ‘ನಾನು ಹುಬ್ಬಳ್ಳಿಯವನು. ಪ್ರಪಂಚದ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮಲ್ಲಿದೆ, 1507 ಮೀಟರ್.’ ವಿಷಯ ಸರಿಯಾಗಿದೆ, 2023ರಲ್ಲಿ ಉದ್ಘಾಟನೆಯಾಯಿತು. ಆದರೆ ಇದು ಪ್ಲಾಟ್‌ಫಾರ್ಮಿನ ವಿಷಯ, ನಿಮ್ಮದಲ್ಲ. ಗೂಗಲ್ ಕೂಡ ಇದನ್ನೇ ಹೇಳುತ್ತದೆ.

ಅದೇ ಊರಿಗೆ ನಿಮ್ಮನ್ನು ಕಟ್ಟಿ ನೋಡಿ. ‘ಆ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ನಿಂತಿದ್ದೆ, ನನ್ನ ಬೋಗಿ ಇನ್ನೊಂದು ತುದಿಗೆ ಬಂತು. ಸೂಟ್‌ಕೇಸ್ ಹಿಡಿದು ಓಡಿದ್ದು ಇವತ್ತಿಗೂ ಮರೆತಿಲ್ಲ.’ ಈಗ ಯಾರಾದರೂ ‘ರೈಲು ಸಿಕ್ಕಿತಾ?’ ಅಂತ ಕೇಳಿಯೇ ಕೇಳುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ನಿಮ್ಮ ಬೀದಿಯ ಯಾರಾದರೂ ಅಲ್ಲಿ ಕೆಲಸ ಮಾಡಿದ್ದರೆ ಇನ್ನೂ ಒಳ್ಳೆಯದು. ಕೆಜಿಎಫ್‌ನವರಾದರೆ ‘ನಮ್ಮ ತಾತ ಮೂರು ಕಿಲೋಮೀಟರ್‌ಗಿಂತ ಆಳದ ಗಣಿಗೆ ಇಳಿಯುತ್ತಿದ್ದರು’ ಅನ್ನಿ. 2001ರಲ್ಲಿ ಮುಚ್ಚಿದ ಗಣಿಯ ಬಗ್ಗೆ ಎಲ್ಲರೂ ಕೇಳಿದ್ದಾರೆ, ಇಳಿದವರ ಮೊಮ್ಮಕ್ಕಳನ್ನು ಕಂಡವರು ಕಡಿಮೆ.

ಹಳೇ ಮೈಸೂರು ಕಡೆಯವರಿಗೆ ಇನ್ನೊಂದು ದಾರಿ ಇದೆ, ಇನಿಷಿಯಲ್. ನಮ್ಮಲ್ಲಿ ಎಷ್ಟೋ ಜನರ ಮೊದಲ ಅಕ್ಷರ ಒಂದು ಊರು. ಆ ಊರಿಗೆ ನೀವು ಹೋಗಿಯೇ ಇಲ್ಲದಿರಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ‘ಎಂ’ ಮಾತ್ರ ಅವರ ಹಿರಿಯರ ಊರಾದ ಮೋಕ್ಷಗುಂಡಂ, ಅದು ಈಗ ಆಂಧ್ರದಲ್ಲಿದೆ. ‘ನನ್ನ ಹೆಸರಿನಲ್ಲಿರುವ ಊರನ್ನು ನಾನು ಇನ್ನೂ ನೋಡಿಲ್ಲ’ ಅಂದರೆ ಸಾಕು. ಉತ್ತರದ ಕಡೆಯ ಸಹೋದ್ಯೋಗಿಗಳಿಗೆ ಇದು ನಿಜಕ್ಕೂ ಹೊಸದು. ನಮ್ಮ ಇನಿಷಿಯಲ್ ಕಂಡು ಫಾರ್ಮಿನಲ್ಲಿ ಸರ್‌ನೇಮ್ ಎಲ್ಲಿ ಅಂತ ಹುಡುಕುವವರು ಅವರೇ ತಾನೇ.

ಊರಿಗೆ ಒಂದು ತೊಂದರೆಯೂ ಇದೆ. ‘ಯಾವ ಊರು? ಅಲ್ಲಿ ಯಾರ ಪೈಕಿ? ಮನೆಯಲ್ಲಿ ಏನು ಮಾತಾಡ್ತೀರಾ?’ ಹೀಗೆ ಕೆದಕುತ್ತಾ ಜಾತಿಯ ಬಾಗಿಲಿಗೆ ಬಂದು ನಿಲ್ಲುವವರು ಇದ್ದಾರೆ. ಬಾಯಿಬಿಟ್ಟು ಕೇಳುವುದಿಲ್ಲ, ಸುತ್ತಿ ಬಳಸಿ ಕೇಳುತ್ತಾರೆ. ನಿಮಗೆ ಅದು ಬೇಡವಾದರೆ ಊರಿನ ದಾರಿಯನ್ನೇ ಬಿಟ್ಟುಬಿಡಿ. ‘ನಾವು ಪ್ಯೂರ್ ವೆಜ್’ ಅನ್ನುವುದನ್ನು ಫನ್ ಫ್ಯಾಕ್ಟ್ ಅಂತ ಹೇಳುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಅದು ಊಟದ ಆರ್ಡರ್ ಕೊಡುವಾಗ ಹೇಳಬೇಕಾದ ಮಾತು.

ಮನೆಯವರ ಕೆಲಸ

ಇದನ್ನು ಜನ ಮರೆತೇಬಿಡುತ್ತಾರೆ, ನನಗಂತೂ ತುಂಬಾ ಇಷ್ಟ. ವಿಶೇಷವಾಗಿ ಹಳೇ ಬೆಂಗಳೂರಿನ ಮಕ್ಕಳು ‘ನಮಗೆ ಊರೇ ಇಲ್ಲ, ಹುಟ್ಟಿದ್ದೇ ರಾಜಾಜಿನಗರದಲ್ಲಿ’ ಅಂತ ಕೊರಗುತ್ತಾರೆ. ನಿಮ್ಮ ಊರು ಕಾರ್ಖಾನೆಗಳಲ್ಲಿದೆ. ವಿಮಾನ ಮಾಡುವ ಎಚ್‌ಎಎಲ್ 1940ರಲ್ಲಿ ಶುರುವಾಯಿತು. ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಸೇನೆಗೆ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ 1954ರಲ್ಲಿ. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ 1961ರಲ್ಲಿ ಇಲ್ಲಿ ವಾಚ್ ಮಾಡಲು ಆರಂಭಿಸಿತು, ಅದರ ಜೋಡಣೆ ಕೆಲಸದಲ್ಲಿ ಬಹಳ ಹೆಂಗಸರು ಇದ್ದರು. ‘ನಮ್ಮಜ್ಜಿ ಎಚ್‌ಎಂಟಿಯಲ್ಲಿ ವಾಚ್ ಜೋಡಿಸುತ್ತಿದ್ದರು. ಈಗಲೂ ಸೂಜಿಗೆ ದಾರ ನನಗಿಂತ ಬೇಗ ಪೋಣಿಸುತ್ತಾರೆ.’ ಕೋಣೆಯಲ್ಲಿ ಕನಿಷ್ಠ ಒಬ್ಬರ ಅಪ್ಪನ ಕೈಯಲ್ಲಿ ಎಚ್‌ಎಂಟಿ ಇದ್ದೇ ಇರುತ್ತದೆ. ಮಾತು ಅಲ್ಲಿಂದ ತಾನಾಗಿ ಓಡುತ್ತದೆ.

ಅಪ್ಪ ಬಿಎಂಟಿಸಿ ಕಂಡಕ್ಟರ್, ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಚಿಕ್ಕಪ್ಪನ ಹೂವಿನ ಅಂಗಡಿ ಕೆ.ಆರ್. ಮಾರ್ಕೆಟ್ಟಿನಲ್ಲಿ. ಇವೆಲ್ಲ ಒಳ್ಳೆಯ ವಿಷಯಗಳೇ. ಹಿಂಜರಿಕೆ ಇದ್ದರೆ ಬಲವಂತವಾಗಿ ಹೇಳಬೇಡಿ. ಹೇಳುವುದಾದರೆ ಬಡತನದಿಂದ ಮೇಲೆ ಬಂದ ಕಥೆಯಾಗಿ ಹೇಳಬೇಡಿ. ಆ ಕೆಲಸದ ಒಳಗಿನ ಒಂದು ಸಂಗತಿ ಹೇಳಿ. ಮಾರ್ಕೆಟ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ರೇಟು ಹೇಗೆ ಹಾರುತ್ತದೆ ಅನ್ನುವುದನ್ನು ಒಳಗಿನವರೇ ಹೇಳಿದರೆ ಮ್ಯಾನೇಜರ್ ಕೂಡ ಲ್ಯಾಪ್‌ಟಾಪಿನಿಂದ ತಲೆ ಎತ್ತುತ್ತಾರೆ.

ಹವ್ಯಾಸ

‘ಟ್ರಾವೆಲ್, ಮ್ಯೂಸಿಕ್, ರೀಡಿಂಗ್.’ ಇದಾದ ಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳುತ್ತದೆ. ಹವ್ಯಾಸ ಕೆಟ್ಟ ಆಯ್ಕೆಯಲ್ಲ, ಅಗಲವಾದ ಹವ್ಯಾಸ ಕೆಟ್ಟದ್ದು. ‘ನಾನು ಆರ್‌ಸಿಬಿ ಫ್ಯಾನ್’ ಅನ್ನುವುದು ಬೆಂಗಳೂರಿನಲ್ಲಿ ‘ನನ್ನ ಹತ್ತಿರ ಆಧಾರ್ ಕಾರ್ಡ್ ಇದೆ’ ಅಂದ ಹಾಗೆ.

ಕಿರಿದು ಮಾಡಿ. ಟ್ರೆಕ್ಕಿಂಗ್ ಅನ್ನಬೇಡಿ. ‘ನಂದಿ ಬೆಟ್ಟದ ಸೂರ್ಯೋದಯ ನೋಡಲು ಹೋಗಿ ಪ್ರತಿ ಸಲವೂ ಬೆಟ್ಟದ ಕೆಳಗಿನ ಟ್ರಾಫಿಕ್ ಜಾಮ್ ನೋಡಿ ಬಂದಿದ್ದೇನೆ’ ಅನ್ನಿ. ಪಕ್ಷಿ ನೋಡುವುದು ಅನ್ನಬೇಡಿ. ‘ಹೆಸರಘಟ್ಟದ ಹುಲ್ಲುಗಾವಲಿಗೆ ಭಾನುವಾರ ಬೆಳಗ್ಗೆ ಹೋಗುತ್ತೇನೆ’ ಅನ್ನಿ. ಅಡುಗೆ ಅನ್ನಬೇಡಿ, ‘ರಾಗಿ ಮುದ್ದೆ ಗಂಟಿಲ್ಲದೆ ತಿರುವುವುದನ್ನು ಈಗಷ್ಟೇ ಕಲಿತೆ’ ಅನ್ನಿ.

ಹವ್ಯಾಸದ ದೊಡ್ಡ ಲಾಭ ಏನೆಂದರೆ ಅದು ಜತೆಗಾರರನ್ನು ಹುಡುಕಿಕೊಡುತ್ತದೆ. ಒಂಟಿಯಾಗಿ ಈ ಊರಿಗೆ ಬಂದು ಪಿಜಿಯಲ್ಲಿರುವವರು ಹವ್ಯಾಸವನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಊರು ಹೇಳಿದರೆ ಮಾತು ಸಿಗುತ್ತದೆ. ಹವ್ಯಾಸ ಹೇಳಿದರೆ ಭಾನುವಾರಕ್ಕೆ ಜನ ಸಿಗುತ್ತಾರೆ. ಆದರೆ ಕೈಬಿಟ್ಟು ಹತ್ತು ವರ್ಷವಾದ ವೀಣೆಯನ್ನು ಎತ್ತಬೇಡಿ. ಆಫೀಸಿನ ರಾಜ್ಯೋತ್ಸವಕ್ಕೆ ನುಡಿಸಿ ಅಂತ ಬಂದೇ ಬರುತ್ತಾರೆ.

ಸಾಧನೆ

ಇಂಟರ್‌ವ್ಯೂನಲ್ಲಿ ಹೇಳಿ. ಅಲ್ಲಿ ಅದಕ್ಕೇ ಕರೆದಿರುತ್ತಾರೆ. ಟೀಮಿನ ಪರಿಚಯದಲ್ಲಿ ಗೋಲ್ಡ್ ಮೆಡಲ್ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಪ್ರಶ್ನೆ ಹುಟ್ಟುವುದಿಲ್ಲ. ಮೇಲಾಗಿ ನಿಮ್ಮ ಮುಂದಿನವರು ತಮ್ಮದನ್ನು ಹೇಳಲು ಹೆದರುತ್ತಾರೆ. ಹೇಳಲೇಬೇಕು ಅನ್ನಿಸಿದರೆ ಪಕ್ಕದ ಬಾಗಿಲಿನಿಂದ ಬನ್ನಿ. ‘ರಾಜ್ಯಮಟ್ಟದ ಖೋಖೋ ಆಡಿದ್ದೇನೆ. ಈಗ ಬಸ್ ಹಿಡಿಯಲು ಮಾತ್ರ ಓಡುತ್ತೇನೆ.’ ಸಾಧನೆಯೂ ತಲುಪಿತು, ಭಾರವೂ ಆಗಲಿಲ್ಲ.

ಸಣ್ಣ ಜಗಳದ ಅಭಿಪ್ರಾಯ

ಇಡ್ಲಿ ವಡೆ ಡಿಪ್ಪಾ, ಸೆಪರೇಟಾ? ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರಬೇಕಾ, ಬೇಡವಾ? ಬಿಸಿಬೇಳೆ ಬಾತ್‌ಗೆ ಬೂಂದಿಯಾ, ಚಿಪ್ಸಾ? ದರ್ಶಿನಿಯಲ್ಲಿ ನಿಂತು ತಿಂದವರಿಗೆಲ್ಲ ಇದರಲ್ಲಿ ಒಂದು ಪಕ್ಷ ಇದ್ದೇ ಇರುತ್ತದೆ. ‘ವಡೆ ಸಾಂಬಾರಿನಲ್ಲಿ ಮುಳುಗಿಸಿದರೆ ಅದು ವಡೆಯೇ ಅಲ್ಲ’ ಅಂತ ಗಂಭೀರವಾಗಿ ಹೇಳಿ ಕೂತುಬಿಡಿ. ಇಡೀ ಕೋಣೆ ಎರಡಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಏನೂ ತೋಚದವರಿಗೆ, ಹತ್ತು ಸೆಕೆಂಡ್ ಮಾತ್ರ ಸಿಕ್ಕವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಬದುಕಿನ ಗುಟ್ಟು ಒಂದೂ ಹೊರಗೆ ಹೋಗುವುದಿಲ್ಲ. ಕೊರತೆ ಅಂದರೆ, ನಿಮ್ಮ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಹೊರ ರಾಜ್ಯದಿಂದ ನಿನ್ನೆ ಬಂದವರಿಗೆ ಡಿಪ್ ಅಂದರೇನು ಅಂತ ವಿವರಿಸಬೇಕಾಗುತ್ತದೆ.

ಜಗಳ ತಿಂಡಿಯ ಮಟ್ಟದಲ್ಲೇ ಇರಲಿ. ಭಾಷೆ, ಪಕ್ಷ, ‘ಹೊರಗಿನವರು ಬಂದು ಊರು ಹಾಳಾಯ್ತು’, ‘ನಿಮ್ಮೂರಿಗಿಂತ ನಮ್ಮೂರೇ ಕ್ಲೀನ್’ ಇವು ಯಾವುವೂ ಮೊದಲ ದಿನಕ್ಕಲ್ಲ. ಎರಡೂ ಕಡೆಯವರಿಗೆ ಈ ಮಾತು.

ವಿಚಿತ್ರ ಅಭ್ಯಾಸ

ಧೈರ್ಯ ಜಾಸ್ತಿ ಖರ್ಚಾಗುವುದು ಇಲ್ಲಿ. ಜಿರಳೆ ಭಯ, ಅನ್ನಕ್ಕೆ ಜಾಮ್ ಕಲಸುವುದು, ಅಲಾರ್ಮ್ ಆರು ಸಲ ಇಡುವುದು. ನಗು ಖಂಡಿತ ಬರುತ್ತದೆ. ಹುಡುಗ ಹುಡುಗಿಯರ ಕಾಲೇಜಿನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಅಡ್ಡಹೆಸರು ಅಂಟಿಕೊಳ್ಳುವುದೂ ಇಲ್ಲೇ. ಕಾಲೇಜಿನ ಅಡ್ಡಹೆಸರು ಮದುವೆ ಮಂಟಪದವರೆಗೂ ಬರುತ್ತದೆ. ಹೊಸ ಮ್ಯಾನೇಜರ್ ಆಗಿ ಬಂದವರಿಗೆ ಇದು ಒಂದು ಒಳ್ಳೆಯ ಉಪಾಯ, ಟೀಮಿನ ಬಿಗಿ ಸಡಿಲವಾಗುತ್ತದೆ. ಎಲ್ಲರಿಗಿಂತ ಕಿರಿಯರಾಗಿ ಸೇರಿದವರು ಯೋಚಿಸಿ ಹೇಳಿ. ಆರೋಗ್ಯ, ಮನಸ್ಸಿನ ತೊಳಲಾಟ, ಮುರಿದ ಸಂಬಂಧ ಇವು ವಿಚಿತ್ರ ಅಭ್ಯಾಸಗಳಲ್ಲ. ಅವಕ್ಕೆ ಬೇರೆ ಜನ, ಬೇರೆ ಹೊತ್ತು ಇರಬೇಕು.

ಉಪಯೋಗಕ್ಕೆ ಬರುವ ವಿದ್ಯೆ

‘ಹಾರ್ಮೋನಿಯಂ ರಿಪೇರಿ ಗೊತ್ತು.’ ‘ಮೆಜೆಸ್ಟಿಕ್‌ನಿಂದ ಯಾವ ಕಡೆಗೆ ಯಾವ ಬಸ್ ಅಂತ ಬಾಯಿಪಾಠ, 335ಇ ಆಗಲಿ 500ಡಿ ಆಗಲಿ ಕೇಳಿ.’ (500ಡಿ ಮೆಜೆಸ್ಟಿಕ್‌ಗೆ ಬರುವುದೇ ಇಲ್ಲ, ಹೊರ ವರ್ತುಲ ರಸ್ತೆಯಲ್ಲೇ ಓಡುತ್ತದೆ ಅಂತ ಯಾರಾದರೂ ತಿದ್ದಿದರೆ ನಿಮಗೆ ಸ್ನೇಹಿತರೊಬ್ಬರು ಸಿಕ್ಕರು ಅಂತಲೇ ಲೆಕ್ಕ.) ‘ಕನ್ನಡ ಕಲಿಯಬೇಕು ಅನ್ನುವವರಿಗೆ ಊಟದ ಹೊತ್ತಿನಲ್ಲಿ ಹೇಳಿಕೊಡುತ್ತೇನೆ.’ ಅಪಾರ್ಟ್‌ಮೆಂಟಿಗೆ, ಪಿಜಿಗೆ, ಮಕ್ಕಳ ಶಾಲೆಯ ಪೋಷಕರ ಗ್ರೂಪಿಗೆ ಇದೇ ಸರಿ. ಅಲ್ಲಿ ಜನರಿಗೆ ಬೇಕಾಗಿರುವುದು ತಮಾಷೆಯಲ್ಲ, ನಂಬಿಕೆಯ ನೆರೆಯವರು.

ಇದರ ಬೆಲೆ ನಂತರ ಗೊತ್ತಾಗುತ್ತದೆ. ಪ್ರಿಂಟರ್ ರಿಪೇರಿ ಬರುತ್ತದೆ ಅಂದವರ ಮನೆ ಬಾಗಿಲಿಗೆ ಪ್ರಿಂಟರ್‌ಗಳು ಬರುತ್ತವೆ. ಡಾಕ್ಟರ್, ಲಾಯರ್, ಸಿಎಗಳು ಗ್ರೂಪಿನಲ್ಲಿ ಕಸುಬು ಹೇಳುವ ಮುಂಚೆ ಎರಡು ಸಲ ಯೋಚಿಸಬೇಕು.

ಇನ್ನೆರಡು ಬಗೆ ಇವೆ, ಬೇಗ ಮುಗಿಸುತ್ತೇನೆ. ಒಂದು, ‘ಏರ್‌ಪೋರ್ಟಿನಲ್ಲಿ ಇಂಥ ನಟರನ್ನು ಕಂಡೆ.’ ಎಲ್ಲರೂ ನಟರ ಬಗ್ಗೆ ಕೇಳುತ್ತಾರೆ, ನಿಮ್ಮ ಬಗ್ಗೆ ಅಲ್ಲ. ಎರಡು, ಎಐ ಆ್ಯಪ್‌ಗೆ ಹೇಳಿ ಬರೆಸಿದ್ದು. ಅದು ಹೇಗಿರಬೇಕೋ ಹಾಗೇ ಇರುತ್ತದೆ, ಮೊದಲ ಮರುಪ್ರಶ್ನೆಗೇ ಉರುಳುತ್ತದೆ.

ಯಾರಿಗೆ ಯಾವುದು

ಆಫೀಸಿನ ಇಂಡಕ್ಷನ್‌ಗೆ ಊರು ಅಥವಾ ಮನೆಯವರ ಕೆಲಸ. ಸಮಯ ಕಡಿಮೆ ಇದ್ದರೆ ತಿಂಡಿಯ ಜಗಳ. ಕಾಲೇಜಿಗೆ ಕಿರಿದು ಮಾಡಿದ ಹವ್ಯಾಸ. ಹುಡುಗ ಹುಡುಗಿ ನೋಡುವ ಶಾಸ್ತ್ರದಲ್ಲಿ ಇಬ್ಬರನ್ನೇ ಮಾತಾಡಲು ಬಿಟ್ಟಾಗ ವಿಚಿತ್ರ ಅಭ್ಯಾಸವೇ ಸರಿ. ಅಲಾರ್ಮ್ ಆರು ಸಲ ಹೊಡೆಯುವ ವಿಷಯ ಮದುವೆಗೆ ಮುಂಚೆ ತಿಳಿದರೆ ಇಬ್ಬರಿಗೂ ಒಳ್ಳೆಯದು.

ಇನ್ನೊಂದು ಗುಂಪಿನವರನ್ನು ಯಾರೂ ನೆನೆಯುವುದಿಲ್ಲ. ನಿವೃತ್ತಿಯಾಗಿ ಶಿವಮೊಗ್ಗದಿಂದಲೋ ಗದಗದಿಂದಲೋ ಮಗನ ಫ್ಲಾಟಿಗೆ ಬಂದ ಹಿರಿಯರು. ಹಿರಿಯ ನಾಗರಿಕರ ಕೂಟದಲ್ಲಿ ‘ನಾನು ಇಂಥವರ ತಂದೆ, ಬಿ ಬ್ಲಾಕ್’ ಅಂದು ಕೂತುಬಿಡುತ್ತಾರೆ. ಅವರಿಗೆ ನನ್ನ ಸಲಹೆ, ಮಗನ ಹೆಸರು ಕೊನೆಗೆ ಹೇಳಿ. ಮೂವತ್ತು ವರ್ಷ ಪೋಸ್ಟ್ ಮಾಸ್ಟರ್ ಆಗಿದ್ದವರಾದರೆ ವಿಳಾಸವೇ ಇಲ್ಲದ ಕಾಗದವನ್ನು ತಲುಪಿಸಿದ ಕಥೆ ಹೇಳಿ. ಅಮ್ಮಂದಿರಾದರೆ ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ವರ್ಷ ಕೆಡದಂತೆ ಇಟ್ಟಿದ್ದಿರಿ ಅಂತ ಹೇಳಿ. ಮರುದಿನದ ವಾಕಿಂಗ್‌ಗೆ ಜತೆ ಸಿಗುತ್ತದೆ.

‘ನನ್ನ ಹತ್ತಿರ ನಿಜಕ್ಕೂ ಏನೂ ಇಲ್ಲ’ ಅನ್ನುವವರು ಫೋನಿನ ಗ್ಯಾಲರಿ ತೆರೆಯಿರಿ. ಮುಖಗಳನ್ನು ಬಿಟ್ಟು ಯಾವುದರ ಫೋಟೋ ಜಾಸ್ತಿ ಇದೆ? ಮೋಡ, ಬೆಕ್ಕು, ಅಂಗಡಿ ಬೋರ್ಡಿನ ತಪ್ಪು ಕಾಗುಣಿತ? ಅದೇ ನಿಮ್ಮ ವಿಷಯ. ಸ್ನೇಹಿತರು ಯಾವ ಕೆಲಸಕ್ಕೆ ನಿಮಗೇ ಮೊದಲು ಫೋನ್ ಮಾಡುತ್ತಾರೆ? ಅದೂ ಒಂದು ವಿಷಯ. ಅಕ್ಕನನ್ನೋ ತಮ್ಮನನ್ನೋ ಕೇಳಿದರೆ ಇನ್ನೂ ಬೇಗ ಸಿಗುತ್ತದೆ, ಬೇಡದ್ದೂ ಸಿಗುತ್ತದೆ.

ಹೇಳುವ ಹೊತ್ತಿಗೆ

ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅಷ್ಟೇನೂ ನೋಡುತ್ತಿರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮುಜುಗರದ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧದಷ್ಟು ಜನ ಗಮನಿಸಿರಬೇಕು ಅಂತ ಹಾಕಿಕೊಂಡವರು ಅಂದಾಜಿಸಿದರು. ನಿಜವಾಗಿ ಗಮನಿಸಿದವರು ಕಾಲು ಭಾಗಕ್ಕಿಂತ ಕಡಿಮೆ.

ವೃತ್ತಾಕಾರವಾಗಿ ಕೂತಾಗ ಇನ್ನೊಂದು ವಿಶೇಷ ನಡೆಯುತ್ತದೆ. ತಮ್ಮ ಸರದಿಗೆ ತುಸು ಮುಂಚೆ ಮಾತಾಡಿದವರು ಏನು ಹೇಳಿದರು ಅನ್ನುವುದು ಜನರಿಗೆ ಅಷ್ಟಾಗಿ ನೆನಪುಳಿಯುವುದಿಲ್ಲ. 1973ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಅಂದರೆ ನಿಮ್ಮ ನಂತರ ಮಾತಾಡುವವರು ನಿಮ್ಮದನ್ನು ಕೇಳಿಸಿಕೊಂಡಿರುವುದು ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ. ಬೈಟು ಕಾಫಿಗೆ ಅವರನ್ನೇ ಕರೆಯಿರಿ, ಇನ್ನೊಮ್ಮೆ ಹೇಳಿ.

ನಿಮ್ಮ ಹಿಂದಿನವರು ನಿಮ್ಮ ವಿಷಯವನ್ನೇ ಹೇಳಿಬಿಟ್ಟರೆ? ಆಗಾಗ ಆಗುತ್ತದೆ. ಗಾಬರಿಯಲ್ಲಿ ಹೊಸದನ್ನು ಹುಟ್ಟಿಸಲು ಹೋಗಬೇಡಿ. ‘ಅಯ್ಯೋ, ನಂದೂ ಅದೇ, ನಾನೂ ಮುದ್ದೆ ತಿರುವೋದು ಈಗಷ್ಟೇ ಕಲಿತೆ’ ಅಂದುಬಿಡಿ. ಇಬ್ಬರಿಗೂ ಅದೇ ಹವ್ಯಾಸ ಅನ್ನುವುದು ಕೋಣೆಯವರಿಗೆ ನಿಮ್ಮ ಮೊದಲ ವಿಷಯಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಮಧ್ಯಾಹ್ನ ಊಟಕ್ಕೆ ಯಾರ ಪಕ್ಕ ಕೂರಬೇಕು ಅನ್ನುವ ಯೋಚನೆಯೂ ತಪ್ಪುತ್ತದೆ.